ಅರ್ಧ ಉಸಿರಿನ ಪಾಠ

ಫೆಬ್ರವರಿ 3, ಮಂಗಳವಾರ

ಹೆಡ್‌ಮಾಸ್ಟರಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾಗಿ ಇವತ್ತಿಗೆ ಹನ್ನೆರಡು ದಿನ. ಮನೆಗೆ ಬಂದವರೆಲ್ಲ ಮೊದಲು ಮುಖ ಸಣ್ಣ ಮಾಡಿಕೊಂಡು ಹಜಾರದಲ್ಲಿ ಕೂತರು, ಆಮೇಲೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದು ಅಮ್ಮನ ಕಿವಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಕುಡೀತಿದ್ರಾ?" ಆ ಮನುಷ್ಯ ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಯಾವ ಕಾಲದಲ್ಲೋ ಬಂದ ಕಾಮಾಲೆ ಹೋದ ಹಾಗೆ ಮಾಡಿ ಒಳಗೇ ಕೂತು ಲಿವರನ್ನು ಕಲ್ಲು ಮಾಡಿದೆಯಂತೆ. ನಿನ್ನೆ ಕೇಳಿದ ಹೆಂಗಸಿಗೆ ನಾನೇ ಉತ್ತರ ಕೊಟ್ಟೆ: "ಕುಡೀತಿದ್ದಿದ್ದು ಮಕ್ಕಳ ರಕ್ತ ಒಂದೇ." ಅಮ್ಮ ಸೌಟು ಎತ್ತಿದಳು.

ಹೆಡ್‌ಮಾಸ್ಟರು ಎಂದರೆ ನನ್ನ ಅಪ್ಪ. ನಾನು ಬಿಟ್ಟ ಶಾಲೆಗೆ ಹತ್ತೊಂಬತ್ತು ವರ್ಷ ಅವರೇ ಹೆಡ್‌ಮಾಸ್ಟರು. ನಿವೃತ್ತಿಯಾದ ಮೇಲೆ ಮನೆಗೆ ಹೆಡ್‌ಮಾಸ್ಟರು. ಹಾಗೆಂದು ಬರೆದರೆ ಸುಳ್ಳೇನೂ ಆಗುವುದಿಲ್ಲ.

ಇವತ್ತು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಅಕ್ಕನಿಗೆ ಕಚೇರಿಯಲ್ಲಿ ರಜೆ ಉಳಿದಿಲ್ಲ. ಅಮ್ಮನಿಗೆ ಲಿಫ್ಟ್ ಹತ್ತಿದರೆ ತಲೆ ಸುತ್ತುತ್ತದೆ. ನಾನು ಪಾರ್ಸೆಲ್ ಗೋದಾಮು ಬಿಟ್ಟು, ಔಷಧಿ ಅಂಗಡಿ ಬಿಟ್ಟು, ಮೂರು ವಾರದ ಹಿಂದೆ ಜೆರಾಕ್ಸ್ ಅಂಗಡಿಯನ್ನೂ ಬಿಟ್ಟು ಮನೆಯಲ್ಲಿದ್ದೇನೆ. "ಹೇಗಿದ್ರೂ ಇವಳು ಖಾಲಿ ಕೂತಿದಾಳಲ್ಲ" ಎಂದು ಅಕ್ಕ ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

ನಾಲ್ಕನೇ ಮಹಡಿಯಲ್ಲಿ ಎರಡೂವರೆ ಗಂಟೆ ಕಾಯಿಸಿ ಒಳಗೆ ಕರೆದರು. ಡಾಕ್ಟರು ಚಿಕ್ಕ ವಯಸ್ಸಿನವರು, ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತಿದ್ದರು. ಕೊಯ್ದು ತೆಗೆಯಲು ಆಗುವುದಿಲ್ಲ ಎಂದರು. ಲಿವರ್ ಗಟ್ಟಿ, ಹೃದಯದಲ್ಲಿ ಸ್ಟೆಂಟು, ಪೂರ್ತಿ ಮಂಪರು ಕೊಟ್ಟರೆ ಶ್ವಾಸಕೋಶ ತಡೆಯುವುದಿಲ್ಲ. ಅದಕ್ಕೆ ಚರ್ಮದ ಮೂಲಕ ಮೂರು ಸೂಜಿ ತೂರಿಸಿ, ಸ್ಕ್ಯಾನಿನಲ್ಲಿ ನೋಡುತ್ತಾ ಗಡ್ಡೆಯ ಒಳಗೆ ಹೋಗಿ, ಸೂಜಿಯ ತುದಿಯನ್ನು ಗ್ಯಾಸಿನಿಂದ ತಣ್ಣಗೆ ಮಾಡಿ ಗಡ್ಡೆಯನ್ನು ಐಸು ಮಾಡಿ ಸಾಯಿಸುತ್ತಾರಂತೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್. ಆಳು ಎಚ್ಚರ ಇರುತ್ತಾನೆ.

"ಒಂದೇ ತೊಂದರೆ ಮೇಷ್ಟ್ರೇ" ಎಂದರು ಡಾಕ್ಟರು. "ಲಿವರ್ ಒಂದ್ಕಡೆ ನಿಲ್ಲಲ್ಲ. ಉಸಿರು ಎಳ್ಕೊಂಡ್ರೆ ಕೆಳಗೆ ಬರುತ್ತೆ, ಬಿಟ್ರೆ ಮೇಲೆ ಹೋಗುತ್ತೆ. ಎರಡು ಸೆಂಟಿಮೀಟರ್ ಓಡಾಡುತ್ತೆ. ನಿಮ್ಮ ಗಡ್ಡೆ ಇರೋದೇ ಮೂರು ಸೆಂಟಿಮೀಟರ್. ನಾನು ಸೂಜಿ ಹಾಕೋವಾಗ ನೀವು ಉಸಿರು ನಿಲ್ಲಿಸ್ಬೇಕು."

"ಒಂದು ನಿಮಿಷ ಕಟ್ತೀನಿ ಡಾಕ್ಟ್ರೇ" ಎಂದು ಹೆಡ್‌ಮಾಸ್ಟರು ಅಲ್ಲೇ ಎದೆ ಉಬ್ಬಿಸಿದರು.

"ಒಂದು ನಿಮಿಷ ಯಾರಿಗೆ ಬೇಕು? ಹದಿನೈದು ಸೆಕೆಂಡ್ ಸಾಕು. ಎದೆ ತುಂಬ್ಕೊಂಡಲ್ಲ. ಸುಮ್ನೆ ಕೂತಿರೋವಾಗ ಉಸಿರು ಬಿಟ್ಟು, ಮುಂದಿನದು ಎಳ್ಕೊಳ್ಳೋಕೆ ಮುಂಚೆ ಒಂದು ಜಾಗ ಇರುತ್ತಲ್ಲ, ಅಲ್ಲಿ. ಹತ್ತು ಸಲ ಹೇಳಿದ್ರೆ ಹತ್ತು ಸಲಾನೂ ಅದೇ ಜಾಗದಲ್ಲಿ. ಹೆಚ್ಚು ಬೇಡ, ಒಂದೇ ಥರ ಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಮಗಳಾ? ಏನಮ್ಮ ಓದ್ತಿದೀಯ?"

"ಏನೂ ಓದ್ತಿಲ್ಲ."

"ಪ್ರೈವೇಟಾಗಿ ಪರೀಕ್ಷೆ ಕಟ್ತಿದಾಳೆ" ಎಂದರು ಹೆಡ್‌ಮಾಸ್ಟರು.

"ಕಟ್ತಿಲ್ಲ" ಅಂದೆ.

ಡಾಕ್ಟರು ಒಮ್ಮೆ ಇವರನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, "ಹಾಗಾದ್ರೆ ಟೈಮ್ ಇದೆ. ನೀನೇ ಪ್ರಾಕ್ಟೀಸ್ ಮಾಡ್ಸು" ಎಂದರು. "ಹದಿನೇಳಕ್ಕೆ ಸೂಜಿ. ಅಷ್ಟ್ರಲ್ಲಿ ಇವರಿಗೆ ಇದು ಬರ್ಲಿಲ್ಲ ಅಂದ್ರೆ ನಾನು ಕೈ ಹಾಕಲ್ಲ. ಗುರಿ ಅಲ್ಲಾಡ್ತಿದ್ರೆ ಪಕ್ಕದಲ್ಲಿರೋದನ್ನ ಚುಚ್ತೀನಿ."

ಬಸ್ಸಿನಲ್ಲಿ ಬರುವಾಗ ಹೆಡ್‌ಮಾಸ್ಟರು ಕಿಟಕಿಯ ಕಡೆ ಮುಖ ಮಾಡಿಕೊಂಡು, "ನಿನ್ನ ಹತ್ರ ಪಾಠ ಹೇಳಿಸ್ಕೋಬೇಕಾಯ್ತು" ಎಂದರು. ನನಗೂ ಈ ವಿದ್ಯಾರ್ಥಿಯ ಮೇಲೆ ಅಂಥ ಭರವಸೆ ಏನೂ ಇಲ್ಲ.

ಫೆಬ್ರವರಿ 5, ಗುರುವಾರ

ಶುರು ಮಾಡಿದೆವು. ಮಂಚದ ಮೇಲೆ ಅಂಗಾತ ಮಲಗಿಸಿದೆ. ಮಲಗುವಾಗಲೂ ಜೇಬಿನಲ್ಲಿ ಪೆನ್ನು. ತೆಗೆಯಿರಿ ಅಂದರೆ, "ಅದು ನಿಂಗೇನು ತೊಂದರೆ ಮಾಡ್ತಿದೆ?" ಎಂದರು.

ಅವರೇ ಎಣಿಸುತ್ತಾರಂತೆ, ನಾನು ನೋಡಿದರೆ ಸಾಕಂತೆ. ಬೆರಳು ಮಡಚುತ್ತಾ ಹೋದರು. ಮೊದಲ ಐದು ಬೆರಳು ಸರಿಯಾಗಿ, ಆಮೇಲೆ ಮಳೆ ಬಂದಾಗ ಶಾಲೆ ಬಿಟ್ಟ ಮಕ್ಕಳ ಹಾಗೆ ಓಟ. ಹದಿನೈದು ಎಂದು ಕೈ ಎತ್ತಿದಾಗ ನನ್ನ ಫೋನಿನಲ್ಲಿ ಒಂಬತ್ತು ಸೆಕೆಂಡು.

"ಒಂಬತ್ತು" ಅಂದೆ.

"ನಿನ್ನ ಫೋನು ಸರಿಯಿಲ್ಲ."

"ಫೋನಿಗೆ ನಿಮ್ಮ ಮೇಲೆ ದ್ವೇಷ ಇಲ್ಲ."

"ನಿಂಗಿದೆಯಲ್ಲ" ಎಂದರು.

ನಾನು ಫೋನನ್ನು ಮತ್ತೆ ಸೊನ್ನೆಗೆ ತಂದೆ.

ಫೆಬ್ರವರಿ 6, ಶುಕ್ರವಾರ

ಒಂಬತ್ತು ಸುತ್ತು, ಒಂಬತ್ತರಲ್ಲೂ ಮೋಸ. ಮೂಗಿನಲ್ಲಿ ಸದ್ದಿಲ್ಲದೆ ಎಳೆದುಕೊಳ್ಳುತ್ತಾರೆ. ಬಾಯಿ ಬಿಗಿದು, ಕಣ್ಣು ಮುಚ್ಚಿ, ಮುಖದಲ್ಲಿ ಸನ್ಮಾನ ಮಾಡಿಸಿಕೊಳ್ಳುವಾಗಿನ ಗಾಂಭೀರ್ಯ. ಹೊಟ್ಟೆ ಮಾತ್ರ ಮೆಲ್ಲಗೆ ಮೇಲೇಳುತ್ತಿರುತ್ತದೆ. ಅರವತ್ನಾಲ್ಕು ವರ್ಷದ ಮನುಷ್ಯ ತನ್ನ ಉಸಿರನ್ನೇ ಕಾಪಿ ಹೊಡೆಯುತ್ತಾರೆ.

ಫೆಬ್ರವರಿ 8, ಭಾನುವಾರ

ಅಕ್ಕ ಬಂದಿದ್ದಳು. ಹಣ್ಣು ತಂದಳು, ಎರಡು ಸಲ ಅತ್ತಳು, ಹೋಗುವಾಗ ನನ್ನನ್ನು ಬಾಗಿಲ ಹತ್ತಿರ ಕರೆದು, "ಹಳೇದೆಲ್ಲ ಮನಸ್ಸಲ್ಲಿ ಇಟ್ಕೊಂಡು ಅಪ್ಪನಿಗೆ ಹಿಂಸೆ ಕೊಡ್ಬೇಡ ಕಣೇ" ಎಂದಳು. ಹಳೆಯದು ಎಂದರೆ ಏನು ಎಂದು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬರೆದಿಡುತ್ತೇನೆ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ಅವರ ಎದುರಿಗೆ ನಡೆದ ಪಾಠವನ್ನು ಹಿಂದಿನ ವಾರವೇ ಎರಡು ಸಲ ನಡೆಸಿಯಾಗಿತ್ತು. ಯಾವ ಪ್ರಶ್ನೆಗೆ ಯಾರು ಎದ್ದು ನಿಲ್ಲಬೇಕು, ಯಾರು ಸ್ವಲ್ಪ ತಡವರಿಸಿ ಆಮೇಲೆ ಸರಿ ಹೇಳಬೇಕು, ಎಲ್ಲ ಹಂಚಿಕೆಯಾಗಿತ್ತು. ಹಂಚಿದವರು ಹೆಡ್‌ಮಾಸ್ಟರು. ನನ್ನ ಪಾಲಿಗೆ ಬಂದದ್ದು ಭೂಮಿ ಗುಂಡಗಿದೆ ಎಂದು ಹೇಗೆ ತಿಳಿಯುತ್ತದೆ ಎಂಬುದು. ಹೇಳಿದೆ. ಇನ್ಸ್‌ಪೆಕ್ಟರು ಖುಷಿಯಾಗಿ, "ಭೇಷ್. ಈಗ ತಾನೇ ಯೋಚನೆ ಮಾಡಿ ಹೇಳ್ದೆಯಾ ಮಗು?" ಎಂದು ಕೇಳಿದರು.

"ಇಲ್ಲ ಸರ್. ಇದು ಮೂರನೇ ಸಲ" ಅಂದೆ.

ಕೇಳಿದರು, ಹೇಳಿದೆ. ಅಷ್ಟೇ. ಮಾರನೆಯ ದಿನ ಅಸೆಂಬ್ಲಿಯಲ್ಲಿ ಹೆಡ್‌ಮಾಸ್ಟರು ನನ್ನನ್ನು ಮುಂದೆ ನಿಲ್ಲಿಸಿ, ನಿನ್ನೆ ಹೇಳಿದ್ದು ಸುಳ್ಳು ಎಂದು ಎಲ್ಲರಿಗೂ ಕೇಳಿಸುವಂತೆ ಹೇಳು ಎಂದರು. ಗೇಟು ತೆರೆದಿತ್ತು. ನಡೆದುಕೊಂಡು ಹೊರಗೆ ಹೋದೆ. ಐದು ವರ್ಷವಾಯಿತು. ಮೊದಲ ಒಂದು ವರ್ಷ ಯಾರಾದರೂ ಬಂದು ಕರೆಯುತ್ತಾರೇನೋ ಎಂದು ಕಾದೆ. ಇದನ್ನೂ ಬರೆದಿಡಬೇಕು, ನಿಜ ಆದ್ದರಿಂದ.

ಫೆಬ್ರವರಿ 11, ಬುಧವಾರ

ದಾರಿ ಸಿಕ್ಕಿತು. ಅಮ್ಮನ ಹೊಲಿಗೆಯ ಅಳತೆ ಟೇಪನ್ನು ಅವರ ಹೊಟ್ಟೆಗೆ ಸುತ್ತಿ ಪಿನ್ನು ಹಾಕದೆ ತುದಿಯನ್ನು ನನ್ನ ಬೆರಳಲ್ಲಿ ಹಿಡಿದೆ. ಎಳೆದುಕೊಂಡರೆ ತೊಂಬತ್ತನಾಲ್ಕು. ಸುಮ್ಮನೆ ಬಿಟ್ಟರೆ ತೊಂಬತ್ತೊಂದು. ಆ ತೊಂಬತ್ತೊಂದರ ಮೇಲೆ ಪೆನ್ನಿನಿಂದ ಗೆರೆ ಎಳೆದೆ, ಅವರ ಜೇಬಿನ ಪೆನ್ನಿನಿಂದಲೇ. ಎದೆ ತುಂಬಿಸಿಯೂ ಅಲ್ಲ, ಪೂರ್ತಿ ಖಾಲಿ ಮಾಡಿಯೂ ಅಲ್ಲ. ಅದಕ್ಕೆ ಅರ್ಧ ಉಸಿರು ಎಂದು ಹೆಸರಿಟ್ಟೆ.

"ಇನ್ಮೇಲೆ ಎಣಿಸೋದು ನಾನು. ನೀವು ಗೆರೆ ಮೇಲೆ ನಿಲ್ಲಿ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇಲ್ಲ."

ಅವರಿಗೆ ಇನ್ನೂ ಇದು ಪರೀಕ್ಷೆ. ಹದಿನೈದು ಕೇಳಿದರೆ ಇಪ್ಪತ್ತೆರಡು ಕೊಡಬೇಕು, ಕೆಂಪು ಶಾಯಿಯಲ್ಲಿ ಯಾರಾದರೂ ಉತ್ತಮ ಎಂದು ಬರೆಯಬೇಕು. ಎದೆ ತುಂಬಾ ಗಾಳಿ ತುಂಬಿಕೊಂಡು ಇಪ್ಪತ್ತೆರಡು ನಿಂತು, ಕೆಮ್ಮಿ, ಗೆದ್ದವರ ಹಾಗೆ ನನ್ನ ಮುಖ ನೋಡಿದರು. ಸೊನ್ನೆ ಅಂದೆ.

"ಸೊನ್ನೆಯಾ?"

"ತೊಂಬತ್ತನಾಲ್ಕರಲ್ಲಿ ನಿಂತ್ರಿ. ಡಾಕ್ಟ್ರು ತೊಂಬತ್ತೊಂದರಲ್ಲಿ ಸೂಜಿ ಹಾಕ್ತಾರೆ. ಈಗ ಸೂಜಿ ಪಿತ್ತಕೋಶದಲ್ಲಿದೆ."

ಪಿತ್ತಕೋಶ ಎಂದದ್ದು ಕೆಲಸ ಮಾಡಿತು. ಮುಂದಿನ ನಾಲ್ಕು ಸುತ್ತು ಗೆರೆಯ ಹತ್ತಿರಕ್ಕೆ ಬಂದರು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಇಷ್ಟು ಹೊತ್ತು ನೀವಿಬ್ರೂ ಒಂದೇ ರೂಮಲ್ಲಿ ಇದ್ದಿದ್ದು ನೋಡಿ ಎಷ್ಟು ವರ್ಷ ಆಯ್ತೋ" ಎಂದಳು. ನಾನು ಬಾಗಿಲು ಹಾಕಿದೆ. ಗಮನ ಕೆಡುತ್ತದೆ.

ಫೆಬ್ರವರಿ 14, ಶನಿವಾರ

ಹತ್ತರಲ್ಲಿ ಏಳು ಸಲ ಗೆರೆ ಮೇಲೆ, ಹದಿನೈದು ಪೂರ್ತಿ. ಹತ್ತರಲ್ಲಿ ಏಳು ಸಾಲದು. ಸಾಲದು ಅಂದದ್ದಕ್ಕೆ ಮುಖ ಊದಿಸಿಕೊಂಡು ಊಟಕ್ಕೆ ತಡವಾಗಿ ಬಂದರು. ಸಂಜೆ ತಾವಾಗಿಯೇ ಟೇಪು ಹಿಡಿದುಕೊಂಡು ಬಂದು, "ಇನ್ನೊಂದು ಸುತ್ತು" ಎಂದರು. ಹೊಗಳದಿದ್ದರೆ ಕಲಿಯುತ್ತಾರೆ. ಎಂಟುನೂರು ಮಕ್ಕಳಿಗೆ ಇವರು ಮಾಡಿದ್ದೂ ಇದನ್ನೇ. ಅವರಿಗೆಲ್ಲ ಎಷ್ಟು ಕಲಿಸಿದರೋ ಗೊತ್ತಿಲ್ಲ.

ಫೆಬ್ರವರಿ 17, ಮಂಗಳವಾರ

ಸೂಜಿ ಹಾಕಲಿಲ್ಲ. ವಾಪಸ್ ಕಳಿಸಿದರು. ಕಾರಣ ನಾನು.

ಬೆಳಿಗ್ಗೆ ಆಸ್ಪತ್ರೆಯ ಚೀಲಕ್ಕೆ ಅವರ ಮಾತ್ರೆಗಳನ್ನು ಹಾಕುತ್ತಿದ್ದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಐದು ದಿನ ಮುಂಚೆ ನಿಲ್ಲಿಸಿ ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು. ಔಷಧಿ ಅಂಗಡಿಯಲ್ಲಿ ಏಳು ತಿಂಗಳು ದುಡಿದವಳಿಗೆ ಮಾತ್ರೆಯ ಹಾಳೆ ಓದಲು ಬರುತ್ತದೆ. ನಿಲ್ಲಿಸಬೇಕಾದ ದಿನದಿಂದ ಈಚೆಗೆ ಐದು ಗುಳಿ ಖಾಲಿ. ಒಂದು ದಿನವೂ ಬಿಟ್ಟಿಲ್ಲ.

ವಾರ್ಡಿನಲ್ಲಿ ಹಸಿರು ಅಂಗಿ ಹಾಕಿಸಿ ಮಲಗಿಸಿದ್ದರು. ನರ್ಸು ಪಟ್ಟಿ ಹಿಡಿದು ಕೇಳುತ್ತಾ ಬಂದಳು. ಬೆಳಿಗ್ಗೆ ಏನಾದರೂ ತಿಂದಿರಾ, ಇಲ್ಲ. ಹಲ್ಲಿನ ಸೆಟ್ಟು ಇದೆಯಾ, ಇಲ್ಲ. ರಕ್ತದ ಮಾತ್ರೆ ನಿಲ್ಲಿಸಿದ್ದೀರಾ?

"ನಿಲ್ಸಿದೀನಿ. ಐದು ದಿನ ಆಯ್ತು" ಎಂದರು ಹೆಡ್‌ಮಾಸ್ಟರು. ಹೇಳಿದ ರೀತಿ ನೋಡಿದರೆ ಯಾರಾದರೂ ನಂಬಬೇಕು.

"ನಿಲ್ಸಿಲ್ಲ. ನಿನ್ನೆನೂ ತಗೊಂಡಿದಾರೆ" ಎಂದು ನಾನು ಹಾಳೆಯನ್ನು ನರ್ಸಿನ ಕೈಗೆ ಕೊಟ್ಟೆ.

ಪಕ್ಕದ ಹಾಸಿಗೆಯವರು ಎದ್ದು ಕೂತರು. ಡಾಕ್ಟರು ಬಂದು ಹಾಳೆ ನೋಡಿ, "ಮೇಷ್ಟ್ರೇ, ಒಳಗೆ ರಕ್ತ ಸೋರಿದ್ರೆ ನಾನು ಎಲ್ಲಿಂದ ಕಟ್ಟು ಹಾಕ್ಲಿ?" ಎಂದಷ್ಟೇ ಹೇಳಿ ಮುಂದಿನ ಮಂಗಳವಾರಕ್ಕೆ ಬರೆದರು. ಹೆಡ್‌ಮಾಸ್ಟರು ಪರದೆಯ ಹಿಂದೆ ಬಟ್ಟೆ ಬದಲಾಯಿಸಿಕೊಂಡರು. ಲಿಫ್ಟಿನಲ್ಲಿ, ಬಾಗಿಲನ್ನು ನೋಡುತ್ತಾ ಹೇಳಿದರು: "ಮತ್ತೆ ಅದೇ ಬುದ್ಧಿ ತೋರಿಸ್ದೆ."

ಮನೆಯಲ್ಲಿ ಅಮ್ಮ ಕಿರುಚಲಿಲ್ಲ. ಅದೇ ಕಷ್ಟ. "ಅವರು ಮಾಡಿದ್ದು ತಪ್ಪೇ. ಆದ್ರೆ ಬಸ್ಸಲ್ಲಿ ಮುಕ್ಕಾಲು ಗಂಟೆ ಪಕ್ಕದಲ್ಲೇ ಕೂತಿದ್ಯಲ್ಲೇ. ಕಿವಿಯಲ್ಲಿ ಕೇಳೋಕೆ ಬಾಯಿ ಬರ್ಲಿಲ್ವಾ? ಅಷ್ಟು ಜನರ ಮುಂದೇನೇ ಆಗ್ಬೇಕಿತ್ತಾ?"

ಅಮ್ಮನಿಗೆ ಕೊಡದ ಉತ್ತರವನ್ನು ಇಲ್ಲಿ ಕೊಡುತ್ತೇನೆ. ಬಸ್ಸಿನಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ಅವರು ಸುಳ್ಳು ಹೇಳುವುದನ್ನೇ ಕಾಯುತ್ತಿದ್ದೆ.

ಫೆಬ್ರವರಿ 18, ಬುಧವಾರ

ಟೇಪು ಅಮ್ಮನ ಹೊಲಿಗೆ ಡಬ್ಬಕ್ಕೆ ವಾಪಸ್ ಹೋಗಿದೆ.

ಫೆಬ್ರವರಿ 20, ಶುಕ್ರವಾರ

ಹೆಡ್‌ಮಾಸ್ಟರು ಟೇಪು ತಂದು ನನ್ನ ಮುಂದೆ ಇಟ್ಟರು. ಮಲಗಿದರು. ಹತ್ತು ಸುತ್ತು ಮಾಡಿದೆವು. ಹತ್ತರಲ್ಲಿ ಒಂಬತ್ತು.

ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಆ ಮಾತ್ರೆ ಒಂದು ದಿನ ಬಿಟ್ರೂ ಸ್ಟೆಂಟು ಕಟ್ಕೊಂಡು ಎದೆ ನಿಂತುಹೋಗುತ್ತೆ ಅಂತ ಆವಾಗ ಹೃದಯದ ಡಾಕ್ಟ್ರು ಹೇಳಿದ್ರು" ಎಂದರು. "ಈಗ ಇವರು ಬಿಡಿ ಅಂತಾರೆ."

"ಇವರು ಅವರನ್ನ ಕೇಳ್ಕೊಂಡೇ ಹೇಳಿರ್ತಾರೆ. ಅನುಮಾನ ಇದ್ರೆ ಡಾಕ್ಟ್ರನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಹೆದರ್ಕೊಂಡಿದಾನೆ ಅಂತಾರೆ."

ಹೆದರಿಕೆ ಎಂಬ ಒಂದು ಪದ ಹೊರಗೆ ಬರಲು ಇಷ್ಟು ದಿನ, ಒಂದು ಬಸ್ ಪ್ರಯಾಣ ಮತ್ತು ಒಂದು ಹಸಿರು ಅಂಗಿ ವ್ಯರ್ಥವಾಯಿತು. ಫೋನಿನಲ್ಲಿ ಡಾಕ್ಟರನ್ನು ಕೇಳಿದೆ. ಸ್ಟೆಂಟು ಹಾಕಿ ಎಂಟು ವರ್ಷವಾಗಿದೆ, ಕೆಲವು ದಿನ ಬಿಡಬಹುದು, ಹೃದಯದವರು ಒಪ್ಪಿದ್ದಾರೆ ಎಂದರು. ಸ್ಪೀಕರ್ ಹಾಕಿದ್ದೆ, ಅವರೂ ಕೇಳಿಸಿಕೊಂಡರು. ಮಾತ್ರೆಯ ಹಾಳೆಯನ್ನು ಅವರೇ ತಂದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅಮ್ಮನ ಕೈಗೆ ಕೊಟ್ಟೆ. ನಾನೇನು ಪೊಲೀಸಲ್ಲ.

ಫೆಬ್ರವರಿ 24, ಮಂಗಳವಾರ

ಸ್ಕ್ಯಾನ್ ಕೋಣೆಯಲ್ಲಿ ದೊಡ್ಡದೊಂದು ಬಿಳಿ ಉಂಗುರ, ಅದರೊಳಗೆ ಹೋಗಿ ಬರುವ ಕಿರಿದಾದ ಮಂಚ. ಗಾಜಿನ ಈಚೆ ಇನ್ನೊಂದು ಕೋಣೆ, ಅದರಲ್ಲಿ ಪರದೆಗಳು, ಒಂದು ಮೈಕು, ಸ್ವೆಟರ್ ಹಾಕಿಕೊಂಡ ಟೆಕ್ನಿಷಿಯನ್ ಮೇಡಂ. ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಇಪ್ಪತ್ತು ನಿಮಿಷಕ್ಕೆ ಡಾಕ್ಟರು ತಲೆಗೆ ಟೋಪಿ ಹಾಕಿಕೊಂಡೇ ಹೊರಗೆ ಬಂದರು.

"ಏನಮ್ಮ ಪ್ರಾಕ್ಟೀಸ್ ಮಾಡ್ಸಿದ್ದು? ನಾಲ್ಕು ಸಲ ಹೇಳಿದ್ವಿ, ನಾಲ್ಕು ಕಡೆ ನಿಂತ್ರು."

"ಯಾರು ಹೇಳಿದ್ದು?"

ಯಾರೂ ಅಲ್ಲ, ಯಂತ್ರವೇ ಹೇಳುತ್ತದಂತೆ. ಮೊದಲೇ ಮುದ್ರಿಸಿಟ್ಟ ಹೆಂಗಸಿನ ದನಿ. ಒಳಗೆ ಹೋಗಿ ಕೇಳಿದೆ. "ಉಸಿರನ್ನು ಒಳಗೆ ತೆಗೆದುಕೊಳ್ಳಿ, ಹಿಡಿದುಕೊಳ್ಳಿ" ಎಂದು ಬ್ಯಾಂಕಿನ ಫೋನಿನ ಹಾಗೆ ಮಾತಾಡುತ್ತಾಳೆ. ಸರ್ಕಾರಿ ದನಿ ಕೇಳಿದ ಕೂಡಲೇ ಹೆಡ್‌ಮಾಸ್ಟರು ಎದೆ ತುಂಬಿಸಿಕೊಂಡಿರುತ್ತಾರೆ. ಜೀವಮಾನದ ಅಭ್ಯಾಸ.

"ಅವಳ ಬಾಯಿ ಮುಚ್ಸಿ" ಅಂದೆ. ಮೇಡಂ ನಕ್ಕು ಮೈಕನ್ನು ನನ್ನ ಕಡೆ ತಿರುಗಿಸಿದರು. ಕೆಂಪು ಗುಂಡಿ ಒತ್ತಿ ಹಿಡಿದರೆ ಮಾತು ಒಳಗೆ ಹೋಗುತ್ತದೆ.

"ಅಪ್ಪಾ, ನಾನು. ಅವಳು ಹೋದ್ಲು. ಮನೇಲಿ ಮಾಡ್ದ ಹಾಗೆ ಮಾಡಿ. ಎಳ್ಕೊಳ್ಳಿ. ಬಿಡಿ. ಇನ್ನೂ ಬಿಡಿ. ಅಲ್ಲೇ. ಒಂದು, ಎರಡು..."

ಬಟ್ಟೆ ಮುಚ್ಚಿದ್ದರಿಂದ ಹೊಟ್ಟೆ ಕಾಣುತ್ತಿರಲಿಲ್ಲ, ಟೇಪೂ ಇರಲಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಲಿವರ್ ಬಂತು. ಡಾಕ್ಟರು ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿದರು. ಮೊದಲನೇ ಸೂಜಿ. ಪರದೆಯಲ್ಲಿ ಅದು ಬೆಳ್ಳಗೆ ಹೊಳೆಯುವ ಗೆರೆ, ತುದಿ ಗಡ್ಡೆಯ ನಡುವೆ. ಎರಡನೇ ಸೂಜಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವರಿಗೆ ಸುಸ್ತಾಗಿತ್ತು. ಮಧ್ಯೆ ಎರಡು ನಿಮಿಷ ಬಿಡಿ ಎಂದು ಕೇಳಿದೆ, ಬಿಟ್ಟರು. ಆಮೇಲೆ ಹದಿನೈದು ಎಣಿಸಿದೆ. ಮೂರನೆಯದು ಸ್ವಲ್ಪ ಮೇಲೆ ಕೂತಿತು, ಆದರೂ ಆಗಬಹುದು ಎಂದರು ಡಾಕ್ಟರು.

ಗ್ಯಾಸು ಬಿಟ್ಟಾಗ ಸಣ್ಣಗೆ ಬುಸ್ ಎಂಬ ಸದ್ದು. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಸೂಜಿಯ ಸುತ್ತ ಕಪ್ಪಗೆ ಏನೋ ಕಾಣಿಸಿತು. ಐಸು ಸ್ಕ್ಯಾನಿನಲ್ಲಿ ಕಪ್ಪಂತೆ. ಮೊದಲು ಮೂರು ಕಡಲೆಕಾಳು, ಆಮೇಲೆ ಒಂದಕ್ಕೊಂದು ಅಂಟಿಕೊಂಡು ಮೊಟ್ಟೆ. ಅಂಚು ಚೂರಿಯಲ್ಲಿ ಕೊರೆದಷ್ಟು ಸ್ಪಷ್ಟ. ನಾನು ನೋಡಿದ ವಸ್ತುಗಳಲ್ಲೆಲ್ಲ ಸುಳ್ಳಿಲ್ಲದ್ದು ಎಂದರೆ ಅದೇ. ಇದ್ದಲ್ಲಿ ಇದೆ, ಇಲ್ಲದಲ್ಲಿ ಇಲ್ಲ.

ಹತ್ತು ನಿಮಿಷ ಐಸು, ಎಂಟು ನಿಮಿಷ ಕರಗಲು, ಮತ್ತೆ ಹತ್ತು ನಿಮಿಷ ಐಸು. ಮಧ್ಯದಲ್ಲಿ ಸ್ಪೀಕರಿನಿಂದ ದನಿ ಬಂತು.

"ಎಷ್ಟಾಯ್ತು?"

"ಆರು ನಿಮಿಷ."

"ಗಡಿಯಾರ ನೋಡ್ಕೊಂಡೇ ಹೇಳ್ತಿದೀಯಾ?"

"ಹೌದು. ಚಳಿನಾ?"

"ಚಳಿ" ಎಂದರು ಅಪ್ಪ.

ಫೆಬ್ರವರಿ 26, ಗುರುವಾರ

ಸ್ವಲ್ಪ ಜ್ವರ, ಬಲಭುಜದಲ್ಲಿ ನೋವು. ಎರಡೂ ಬರುವಂಥದ್ದೇ ಎಂದರು. ಮೂರು ತೂತಿಗೂ ಸೇರಿ ಮೂರು ಸಣ್ಣ ಪಟ್ಟಿ, ಅಷ್ಟೇ. ನೋಡಲು ಬಂದವರಿಗೆ ನಿರಾಸೆ.

ಬಾಯಿ ಮಾತ್ರ ಪೂರ್ತಿ ವಾಸಿಯಾಗಿದೆ. ವಾರ್ಡಿಗೆಲ್ಲ ಹೇಳುತ್ತಿದ್ದಾರೆ. "ಮೂರು ಸೂಜಿ, ಮೂರಕ್ಕೂ ಹದಿನೈದಕ್ಕೆ ಹದಿನೈದು. ಡಾಕ್ಟ್ರೇ ಬೆರಗಾಗಿಬಿಟ್ರು." ಪಕ್ಕದ ಹಾಸಿಗೆಯವರಿಗೂ ಉಸಿರು ಹಿಡಿಯುವುದು ಹೇಗೆಂದು ಉಪನ್ಯಾಸ. "ಹೆಚ್ಚು ಬೇಡ, ಒಂದೇ ಥರ ಬೇಕು" ಎಂದು ತಾವೇ ಕಂಡುಹಿಡಿದ ಹಾಗೆ. ಕಲಿಸಿದವರ ಹೆಸರು ಪಠ್ಯದಲ್ಲಿಲ್ಲ.

ಜೆರಾಕ್ಸ್ ಅಂಗಡಿಯವನು ಫೋನು ಮಾಡಿ ವಾಪಸ್ ಬಾ ಎಂದ. ಭುಜದ ನೋವು ಇಳಿಯಲಿ, ನೋಡೋಣ ಅಂದೆ. ಯಾರ ಭುಜ ಎಂದು ಕೇಳಿದ. ತಲೆ ಕೆಟ್ಟವನು.

ಏಪ್ರಿಲ್ 7, ಮಂಗಳವಾರ

ಮಾರ್ಚಿನಲ್ಲಿ ಬರೆಯಲಿಲ್ಲ. ಸಂಜೆ ಅಪ್ಪನ ಜೊತೆ ಬೀದಿ ಕೊನೆಯವರೆಗೆ ನಡೆಯುವುದು, ವಾಪಸ್ ಬರುವುದು. ಬರೆಯುವಂಥದ್ದೇನಿದೆ?

ಇವತ್ತು ಆರು ವಾರದ ಸ್ಕ್ಯಾನಿನ ಫಲಿತಾಂಶ. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಗಡ್ಡೆಯಿದ್ದ ಜಾಗ ಸತ್ತು ಕಪ್ಪಾಗಿದೆ. ಕೆಳಗಿನ ಅಂಚಿನಲ್ಲಿ ಮಾತ್ರ ಕತ್ತರಿಸಿದ ಉಗುರಿನಷ್ಟು ಬೆಳ್ಳಗೆ ಒಂದು ಚೂರು. ಅದು ಇನ್ನೂ ಬದುಕಿದೆ.

"ಮೂರನೇ ಸೂಜಿ ಕಡೆಯ ಅಂಚು. ಪಕ್ಕದಲ್ಲೇ ದೊಡ್ಡ ರಕ್ತನಾಳ ಇದೆ, ನೋಡಿ. ಬಿಸಿ ರಕ್ತ ಹರೀತಾನೇ ಇರುತ್ತೆ, ಐಸು ಅಲ್ಲಿ ಗೆಲ್ಲಲ್ಲ. ಯಾರ ತಪ್ಪೂ ಅಲ್ಲ ಮೇಷ್ಟ್ರೇ, ನೀವು ಚೆನ್ನಾಗೇ ಮಾಡಿದ್ರಿ" ಎಂದರು ಡಾಕ್ಟರು. "ನಾಳದಿಂದಾನೇ ಹೀಗಾಗಿದ್ರೆ ಇನ್ನೊಂದು ಸಲ ಐಸು ಮಾಡಿ ಪ್ರಯೋಜನ ಇಲ್ಲ. ಔಷಧಿಗೆ ಹೋಗೋಣ. ನಿಮ್ಮ ಲಿವರ್‌ಗೆ ಅದು ಭಾರ, ಎಷ್ಟು ತಡ್ಕೊಳ್ಳುತ್ತೋ ಹೇಳೋಕಾಗಲ್ಲ. ನೋಡೋಣ."

ಅಪ್ಪ ತಲೆಯಾಡಿಸಿ ಫೈಲು ತೆಗೆದುಕೊಂಡು ಎದ್ದರು. ಗೇಟಿನ ಆಚೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತೆವು. ಚಹಾ ತಂದುಕೊಟ್ಟೆ. ಕಾಗದದ ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ.

"ಮೂರನೇ ಸಲ ನಾನು ಬಿಟ್ಬಿಟ್ಟೆ" ಎಂದರು.

"ಏನನ್ನ?"

"ಉಸಿರನ್ನ. ನೀನು ಹನ್ನೊಂದು ಅಂದಾಗ. ಸ್ವಲ್ಪ ಎಳ್ಕೊಂಡೆ. ಎಳ್ಕೊಂಡು, ಹಿಡಿದಿರೋ ಹಾಗೆ ಮಲ್ಗಿದ್ದೆ."

ನನಗೆ ಬಂದ ಸಿಟ್ಟಿಗೆ ಆ ಲೋಟವನ್ನು ಕಿತ್ತು ರಸ್ತೆಗೆ ಎಸೆಯಬೇಕು ಅನ್ನಿಸಿತು. ಆರು ವಾರ. ಹದಿನೈದಕ್ಕೆ ಹದಿನೈದು ಎಂದು ವಾರ್ಡಿಗೆಲ್ಲ ಡಂಗುರ. ಈಗ ಡಾಕ್ಟರು ನಾಳ ಎಂದು ನಂಬಿಕೊಂಡು, ತಡೆಯದ ಲಿವರಿಗೆ ಔಷಧಿ ಸುರಿಯಲು ಹೊರಟಿದ್ದಾರೆ. ಸೂಜಿ ತಪ್ಪಿದ್ದು ಉಸಿರಿನಿಂದ ಎಂದು ಗೊತ್ತಾದರೆ ಇನ್ನೊಂದು ಸೂಜಿ ಹಾಕಬಹುದು ಎಂದು ನನ್ನಂಥ ಓದದವಳಿಗೂ ಹೊಳೆಯುತ್ತದೆ. ಈ ಮನುಷ್ಯ ಸಾಯುತ್ತಾರೆಯೇ ಹೊರತು ಸೊನ್ನೆ ಒಪ್ಪಿಕೊಳ್ಳುವುದಿಲ್ಲ.

ಎದ್ದು ನಿಂತೆ. ನಾಲ್ಕು ಮಹಡಿ, ಲಿಫ್ಟಿದೆ, ಐದು ನಿಮಿಷದಲ್ಲಿ ಹೇಳಿ ಬರಬಹುದಿತ್ತು. ಅಪ್ಪನೂ ಅದನ್ನೇ ಕಾಯುತ್ತಿದ್ದರು. ಫೈಲನ್ನು ನನ್ನ ಕಡೆ ಚಾಚಿಯೂ ಆಗಿತ್ತು.

ನಾನು ಮತ್ತೆ ಕೂತೆ.

"ನಾನು ಹೇಳಲ್ಲ."

"ನೀನು ಹೇಳಲ್ವಾ?"

"ಇಲ್ಲ. ಹೇಳೋದಾದ್ರೆ ನೀವೇ ಹೇಳಿ."

"ಹೇಳ್ದೆ ಇದ್ರೆ?"

"ಹೇಳ್ದೆ ಇದ್ರೆ ಬಸ್ ಬರುತ್ತೆ, ಹತ್ತೋಣ. ಮನೇಲೂ ಯಾರಿಗೂ ಹೇಳಲ್ಲ."

ಬಸ್ಸು ಬಂತು. ಹತ್ತುವವರು ಹತ್ತಿದರು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, "ಬರ್ತೀರಾ ಯಜಮಾನ್ರೇ, ಇಲ್ವಾ?" ಎಂದು ಕೂಗಿದ. ಅಪ್ಪ ಅವನನ್ನು ನೋಡಿದರು. ಆಮೇಲೆ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಅಂಗಿ ಸರಿ ಮಾಡಿಕೊಂಡು, ಗೇಟಿನ ಕಡೆ ಹೊರಟರು. ಬಸ್ಸು ಹೋಯಿತು. ನಾನು ಹಿಂದೆ ಹಿಂದೆ ನಡೆದೆ.

ಲಿಫ್ಟಿನ ಮುಂದೆ ಉದ್ದನೆಯ ಸಾಲು. ಮೆಟ್ಟಿಲು ಹತ್ತಿದರು. ಪ್ರತಿ ಮಹಡಿಯಲ್ಲೂ ಕಂಬಿ ಹಿಡಿದು ನಿಂತರು. ನಾನು ಎರಡು ಮೆಟ್ಟಿಲು ಕೆಳಗೆ ನಿಂತೆ, ಕೈ ಕೊಡಲಿಲ್ಲ. ಕೊಟ್ಟಿದ್ದರೆ ವಾಪಸ್ ತಿರುಗುತ್ತಿದ್ದರೇನೋ.

ನಾಲ್ಕನೇ ಮಹಡಿಯಲ್ಲಿ ಬಾಗಿಲು ಕಾಯುವವನು, "ಟೋಕನ್ ಮುಗೀತಲ್ಲ ನಿಮ್ಮದು" ಎಂದು ಕೈ ಅಡ್ಡ ಹಿಡಿದ. "ಒಂದು ಮಾತು ತಿದ್ದೋದಿದೆ" ಎಂದು ಅಪ್ಪ ಅವನ ಕೈಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ನಾನು ಬೆಂಚಿನಲ್ಲಿ ಕೂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮುಚ್ಚಿದ್ದರೂ ಕೇಳಿಸುತ್ತಿತ್ತು, ಆ ಗಂಟಲೇ ಅಂಥದ್ದು.

"ಮೂರನೇ ಸೂಜಿಗೆ ನಾನು ಹನ್ನೊಂದಕ್ಕೇ ಬಿಟ್ಟೆ ಡಾಕ್ಟ್ರೇ. ನಾಳ ಅಲ್ಲ. ನಾನು."

ಡಾಕ್ಟರು ಏನೋ ಮೆಲ್ಲಗೆ ಕೇಳಿದರು. ಕಂಪ್ಯೂಟರಿನ ಮೌಸ್ ಒತ್ತಿದ ಸದ್ದು, ಮತ್ತೆ ಒತ್ತಿದ ಸದ್ದು. ಹಳೆಯ ಚಿತ್ರ ತೆಗೆಯುತ್ತಿದ್ದರೇನೋ. ಆಮೇಲೆ, "ಸೂಜಿ ಐದಾರು ಮಿಲಿಮೀಟರ್ ಮೇಲಿದೆ, ಹೌದು. ಹಾಗಾದ್ರೆ ಲೆಕ್ಕ ಬೇರೆ ಆಯ್ತಲ್ಲ ಮೇಷ್ಟ್ರೇ. ಒಂದು ಸೂಜಿ ಮತ್ತೆ ಹಾಕಿ ನೋಡ್ಬಹುದು. ಈ ಸಲ ಹಿಡೀತೀರಾ?"

"ಹಿಡೀತೀನಿ ಅಂತ ಹೇಳಲ್ಲ. ಸುಸ್ತಾದ್ರೆ ಬಿಟ್ಟೆ ಅಂತ ಕೂಗ್ತೀನಿ. ಅವತ್ತೂ ಕೂಗ್ಬೇಕಿತ್ತು. ಎಲ್ರೂ ಮೆಚ್ಕೊಳ್ತಿದ್ರಿ, ಅದಕ್ಕೆ ಕೂಗ್ಲಿಲ್ಲ. ಬರ್ಕೊಳ್ಳಿ, ಹನ್ನೊಂದು. ಹದಿನೈದು ಅಂತ ಇದ್ರೆ ಹೊಡೆದುಹಾಕಿ."

ಸಾಲಿನಲ್ಲಿ ಕೂತವರೆಲ್ಲ ಬಾಗಿಲ ಕಡೆ ತಿರುಗಿದ್ದರು. ಬಾಗಿಲು ಕಾಯುವವನು ನನ್ನ ಹತ್ತಿರ ಬಂದ.

"ನೀವೇ ಅಲ್ವೇನಮ್ಮ ಅವರ ಕಡೆಯೋರು? ಒಳಗೆ ಹೋಗಿ ಸ್ವಲ್ಪ ಮೆಲ್ಲಗೆ ಮಾತಾಡೋಕೆ ಹೇಳಿ. ಮಹಡಿಗೆಲ್ಲ ಕೇಳಿಸ್ತಿದೆ."

"ಕೇಳಿಸ್ಲಿ ಬಿಡಿ" ಅಂದೆ.